‘ಆಯ್ತು’ ಎಂಬ ಮಾತಿನ ಮೂರು ಅರ್ಥ

ನಮ್ಮ ಮನೆಯವರಿಗೆ ಒಂದು ಅಭ್ಯಾಸವಿದೆ. “ಏನೂಂದ್ರೆ, ಕರೆಂಟ್ ಬಿಲ್ ಕಟ್ಟಿದಿರಾ?” ಎಂದು ಕೇಳಿದರೆ ಪೇಪರಿನಿಂದ ತಲೆ ಎತ್ತದೆಯೇ “ಆಯ್ತು” ಅನ್ನುತ್ತಾರೆ. ಈ ‘ಆಯ್ತು’ಗೆ ಮೂರು ಅರ್ಥಗಳಿವೆ ಎಂದು ತಿಳಿಯಲು ನನಗೆ ಮದುವೆಯಾಗಿ ಹತ್ತು ವರ್ಷ ಬೇಕಾಯಿತು. ಒಂದು, ನೀನು ಹೇಳಿದ್ದು ಕಿವಿಗೆ ಬಿತ್ತು. ಎರಡು, ಬಿಲ್ಲು ಜೇಬಿನಲ್ಲಿದೆ, ಆ ಕಡೆ ಹೋದಾಗ ಕಟ್ಟುತ್ತೇನೆ. ಮೂರು, ಕಟ್ಟಿ ರಸೀದಿ ತಂದಿದ್ದೇನೆ. ಲೈನ್‌ಮನ್ ಬಂದು ಫ್ಯೂಸು ಕಿತ್ತುಕೊಂಡು ಹೋದ ದಿನವೇ ಗೊತ್ತಾಗುವುದು, ಅದು ಎಷ್ಟನೆಯ ‘ಆಯ್ತು’ ಎಂದು.

ಕಂಪ್ಯೂಟರೂ ಇದೇ ಮನೆತನದ್ದು ಎಂದು ನನಗೆ ಗೊತ್ತಿರಲಿಲ್ಲ.

ನಮ್ಮ ಬೀದಿಯ ಹೆಂಗಸರ ಉಳಿತಾಯ ಸಂಘದ ಲೆಕ್ಕ ಬರೆಯುವುದು ನನ್ನ ಪಾಲಿಗೆ ಬಂದಿದೆ. ಹದಿನೆಂಟು ಜನ ಇದ್ದೇವೆ. ರಾಮನಗರವಲ್ಲವೇ, ಫಿಲೇಚರಿಗೆ ಕೆಲಸಕ್ಕೆ ಹೋಗುವವರೇ ಹೆಚ್ಚು. ಹೂ ಕಟ್ಟುವವರಿದ್ದಾರೆ. ಚನ್ನಪಟ್ಟಣದಿಂದ ಸೊಸೆಯಾಗಿ ಬಂದು ಇಲ್ಲೂ ಗೊಂಬೆಗೆ ಅರಗಿನ ಬಣ್ಣ ಕೊಡುವ ಒಬ್ಬಾಕೆಯಿದ್ದಾಳೆ. ಒಂದು ಸಂಜೆ ಎಲ್ಲರ ಕಂತು, ಸಾಲದ ಮರುಪಾವತಿ ಎಲ್ಲವನ್ನೂ ಚೀಟಿ ನೋಡಿಕೊಂಡು ಕಂಪ್ಯೂಟರಿಗೆ ಹಾಕಿದೆ. ಸೇವ್ ಒತ್ತಿದೆ. ಉಳಿಸಿದ್ದಾಗಿದೆ ಎಂದು ಪರದೆಯ ಮೇಲೆ ಬಂತು. ಚೀಟಿಗಳನ್ನು ಒಯ್ದು ಹಂಡೆ ಒಲೆಗೆ ಹಾಕಿದೆ. ಬಚ್ಚಲಿನಿಂದ ಈಚೆಗೆ ಬರುವಷ್ಟರಲ್ಲಿ ಕರೆಂಟು ಹೋಯಿತು. ಮತ್ತೆ ಬಂದಾಗ ಕಂಪ್ಯೂಟರಿನಲ್ಲಿದ್ದದ್ದು ಹೋದ ವಾರದ ಲೆಕ್ಕ!

ರಿಪೇರಿ ಹುಡುಗ ಬಂದು ನೋಡಿ, “ಆಂಟಿ, ನೀವು ಸೇವ್ ಒತ್ತಿಲ್ಲ ಬಿಡಿ” ಅಂದ. ಎಲ್ಲರೂ ಅದನ್ನೇ ನಂಬಿದರು. ನಮ್ಮ ಮನೆಯವರೂ ನಂಬಿದರು. ಸಂಘದಲ್ಲಿ ಒಬ್ಬಾಕೆ ಮೆಲ್ಲಗೆ, “ಅಕ್ಕಾ, ನಾನು ಮುನ್ನೂರು ಕೊಟ್ಟಿದ್ನಲ್ಲಾ, ಗ್ಯಾಪಕ ಐತಾ?” ಎಂದು ಕೇಳಿದಾಗ ನೆಲ ಬಿರಿಯಬಾರದೇ ಅನ್ನಿಸಿತು. ಅವರವರು ಹೇಳಿದ ಲೆಕ್ಕವನ್ನೇ ಬರೆದುಕೊಂಡು, ಕಡಿಮೆ ಬಿದ್ದದ್ದನ್ನು ನನ್ನ ಕೈಯಿಂದ ಹಾಕಿದೆ. ದುಡ್ಡು ಹೋದದ್ದಕ್ಕಿಂತ ಆಕೆಯ ಕಣ್ಣಿನಲ್ಲಿದ್ದ ಅನುಮಾನವನ್ನು ಮರೆಯುವುದು ಕಷ್ಟವಾಯಿತು.

ಮಾಗಡಿಯಲ್ಲಿರುವ ನಮ್ಮಕ್ಕನ ಮಗಳು ಬೆಂಗಳೂರಿನಲ್ಲಿ ಡಿಸ್ಕುಗಳಿಗೆ ಸಂಬಂಧಿಸಿದ ಸಾಫ್ಟ್‌ವೇರ್ ಬರೆಯುತ್ತಾಳೆ. ನಮ್ಮ ಸಂಘದ ಕಂಪ್ಯೂಟರಿಗೆ ಪುಕ್ಕಟೆ ಸಿಗುತ್ತದೆಂದು ಲಿನಕ್ಸ್ ಹಾಕಿಕೊಟ್ಟವಳೂ ಅವಳೇ. ಹಬ್ಬಕ್ಕೆ ಬಂದವಳನ್ನು ಹಿಡಿದು ಕೂರಿಸಿದೆ. ಎಲ್ಲ ಕೇಳಿ, “ಚಿಕ್ಕಮ್ಮಾ, ನೀನು ಒತ್ತಿದ್ದು ನಿಜ. ಅದು ಡಿಸ್ಕಿಗೆ ಇಳಿದಿರಲಿಲ್ಲ, ಅಷ್ಟೆ” ಅಂದಳು. ‘ಅಷ್ಟೆ’ಯಂತೆ! ಅಂದು ರಾತ್ರಿ ಹನ್ನೊಂದರವರೆಗೆ ಅವಳನ್ನು ಬಿಡಲಿಲ್ಲ. ನನಗೆ ಅರ್ಥವಾದದ್ದನ್ನು ನಿಮಗೂ ಹೇಳುತ್ತೇನೆ. ‘ಇದೆಲ್ಲ ನಿಮಗ್ಯಾಕೆ’ ಅನ್ನುವವರ ಬಾಯಿ ಮುಚ್ಚಿಸಲಾದರೂ ನಮಗೆ ಇಷ್ಟು ಗೊತ್ತಿರಬೇಕು.

ಕಂಪ್ಯೂಟರಿನ ಒಳಗೆ ಕರ್ನಲ್ ಎಂಬುದೊಂದಿದೆ, ಎಲ್ಲ ಕೆಲಸವೂ ಅದರ ಮೂಲಕವೇ ಹೋಗಬೇಕು. ನಾವು ಬರೆಯುವ ಪ್ರೋಗ್ರಾಮಿಗೂ ಡಿಸ್ಕಿಗೂ ನೇರ ಮಾತುಕತೆಯಿಲ್ಲ. ಪ್ರೋಗ್ರಾಂ ಕರ್ನಲ್‌ಗೆ ಹೇಳುತ್ತದೆ, ಕರ್ನಲ್ ಡಿಸ್ಕಿಗೆ ಚೀಟಿ ಕಳಿಸುತ್ತದೆ. ಆ ಚೀಟಿಯ ಒಂದು ನಮೂನೆ 1986ರಲ್ಲಿ ಮಾನಕವಾದ ‘ಸ್ಕಜಿ’ ಪದ್ಧತಿಯದು. ನಮ್ಮ ಪೆನ್‌ಡ್ರೈವುಗಳು ಇಂದಿಗೂ ಆ ಭಾಷೆಯ ಚೀಟಿಯನ್ನೇ ಓದುತ್ತವೆ. ಅಳಗುಳಿ ಮಣೆಯ ಗುಳಿಗಳಂತೆ ಸಾಲಾಗಿ ಹತ್ತು ಗುಳಿಗಳನ್ನು ನೆನೆಸಿಕೊಳ್ಳಿ. ಮೊದಲ ಗುಳಿಯಲ್ಲಿ ಏನು ಕೆಲಸ ಎಂಬ ಅಂಕಿ. ಅವರ ಹದಿನಾರರ ಲೆಕ್ಕದಲ್ಲಿ 28 ಎಂದರೆ ಓದು, 2ಎ ಎಂದರೆ ಬರೆ. ಮೂರರಿಂದ ಆರನೆಯ ಗುಳಿಯವರೆಗೆ ಯಾವ ಜಾಗದಿಂದ ಎಂಬ ವಿಳಾಸ. ಎಂಟು, ಒಂಬತ್ತರಲ್ಲಿ ಎಷ್ಟು ಎಂಬ ಪ್ರಮಾಣ. ಡಿಸ್ಕುಗಳು ದೊಡ್ಡವಾಗಿ ವಿಳಾಸಕ್ಕೆ ನಾಲ್ಕು ಗುಳಿ ಸಾಲದೆ ಹೋದಾಗ ಹದಿನಾರು ಗುಳಿಯ ಚೀಟಿಯನ್ನೂ ಮಾಡಿದರು.

ಇಲ್ಲಿಯವರೆಗೆ ಸರಿ. ಆದರೆ 35 ಎಂಬ ಇನ್ನೊಂದು ಚೀಟಿಯಿದೆ ನೋಡಿ, ನನ್ನ ಕಣ್ಣು ತೆರೆಸಿದ್ದು ಅದು. ‘ಕೈಯಲ್ಲಿ ಇಟ್ಟುಕೊಂಡಿರುವುದನ್ನೆಲ್ಲ ಈಗ ಒಳಗೆ ಇಳಿಸು’ ಎಂದು ಅದರ ಅರ್ಥ. ಹಾಗಾದರೆ ‘ಬರೆ’ ಎಂದಾಗ ಡಿಸ್ಕು ಬರೆಯುವುದಿಲ್ಲವೇ? ಬರೆಯಲೇಬೇಕೆಂದಿಲ್ಲವಂತೆ! ತನ್ನ ಪುಟ್ಟ ನೆನಪಿನಲ್ಲಿ ಹಿಡಿದುಕೊಂಡು ‘ಆಯ್ತು’ ಅನ್ನಬಹುದು. ಅದಕ್ಕೂ ಮುಂಚೆ ಕರ್ನಲ್ ಕೂಡ ಚೀಟಿಯನ್ನೇ ಕಳಿಸದೆ ಅರ್ಧ ನಿಮಿಷದಷ್ಟು ಹೊತ್ತು ತನ್ನಲ್ಲೇ ಇಟ್ಟುಕೊಳ್ಳಬಹುದು. ಹಾಗಾಗದಿರಲು ಪ್ರೋಗ್ರಾಂ ಬರೆದವರು ‘ಪೂರ್ತಿ ಇಳಿಸಿಯೇ ಉತ್ತರ ಹೇಳು’ ಎಂದು ಪ್ರತ್ಯೇಕವಾಗಿ ಕೇಳಬೇಕು. ನಮ್ಮ ಲೆಕ್ಕದ ಪ್ರೋಗ್ರಾಮಿನವರು ಕೇಳಿರಲಿಲ್ಲ. ಕೇಳದೆಯೇ ನನ್ನ ಕಣ್ಣಿಗೆ ‘ಉಳಿಸಿದ್ದಾಗಿದೆ’ ಎಂದು ಹಚ್ಚಿದರು.

ಕನಕಪುರದಲ್ಲಿ ನಮ್ಮಪ್ಪನದು ದಿನಸಿ ಅಂಗಡಿ. ಓಣಿಯ ಮನೆಗಳಿಂದ ಮಕ್ಕಳ ಕೈಯಲ್ಲಿ ಚೀಟಿಗಳು ಬರುತ್ತಿದ್ದವು. ‘ಎರಡು ಸೇರು ಅಕ್ಕಿ ಕೊಡಿ’ ಎಂಬುದೊಂದು, ‘ಸಾಲಕ್ಕೆ ಬರೆದುಕೊಳ್ಳಿ’ ಎಂಬುದೊಂದು, ‘ಹಳೇ ಬಾಕಿ ಚುಕ್ತಾ ಮಾಡಿದ್ದಕ್ಕೆ ಸಹಿ ಹಾಕಿ ಕಳಿಸಿ’ ಎಂಬುದೊಂದು. ಈ ಮೂರನ್ನೂ ಅಪ್ಪ ಒಂದೇ ಮೊಳೆಗೆ ಚುಚ್ಚುತ್ತಿರಲಿಲ್ಲ. ಚುಕ್ತಾ ಚೀಟಿಗೆ ಬೇರೆಯೇ ಮೊಳೆ. ಬೆರೆಸಿದರೆ ಸಂಜೆಗೆ ಜಗಳ ಎಂದು ಮೂರನೇ ಕ್ಲಾಸು ಓದಿದ ನಮ್ಮಪ್ಪನಿಗೆ ಗೊತ್ತಿತ್ತು.

ದೊಡ್ಡ ದೊಡ್ಡ ಎಂಜಿನಿಯರುಗಳಿಗೆ ಈ ಬುದ್ಧಿ ಬರಲು ವರ್ಷಗಳೇ ಬೇಕಾದವು. ಲಿನಕ್ಸ್ ಶುರುವಾದದ್ದು 1991ರಲ್ಲಿ. ಮಾಡುವ ಕೆಲಸ ಯಾವುದು ಎಂಬುದೂ, ಅದನ್ನು ಹೇಗೆ ಮಾಡಬೇಕು ಎಂಬ ಷರತ್ತುಗಳೂ ಅದರ ಚೀಟಿಯಲ್ಲಿ ಒಂದೇ ಸಾಲಿನ ಗುರುತುಗಳಾಗಿ ಬೆರೆತು ಕೂತಿದ್ದವು. 2016ರ 4.8ನೆಯ ಆವೃತ್ತಿಯಲ್ಲಿ ಅವುಗಳನ್ನು ಬಿಡಿಸಿದರು. ಇವತ್ತು ಅದರಲ್ಲಿ ಓದು ಎಂದರೆ 0, ಬರೆ ಎಂದರೆ 1, ಇಳಿಸು ಎಂದರೆ 2, ‘ಈ ಜಾಗ ಇನ್ನು ಬೇಡ’ ಎಂದರೆ 3. ತುರ್ತು, ಷರತ್ತು ಇತ್ಯಾದಿಗಳು ಬೇರೆ ಕಡೆ. ಅಂತೂ ಬೇರೆ ಮೊಳೆ ಹೊಡೆದರು!

ಆದರೂ ಕಥೆ ಮುಗಿಯಲಿಲ್ಲ. 2018ರಲ್ಲಿ ಇನ್ನೊಂದು ವಿಷಯ ದೊಡ್ಡ ಚರ್ಚೆಗೆ ಬಂತು. ಬರೆಯುವಾಗ ಡಿಸ್ಕು ‘ಆಗಲಿಲ್ಲ’ ಎಂದು ಉತ್ತರ ಕೊಟ್ಟರೆ ಕರ್ನಲ್ ಆ ಸಂಗತಿಯನ್ನು ಒಂದು ಸಲ ಹೇಳಿ, ಆ ಪುಟವನ್ನು ಬರೆದಾಯಿತು ಎಂಬಂತೆ ಗುರುತು ಮಾಡಿ ಮುಂದೆ ಹೋಗುತ್ತಿತ್ತು. ಪ್ರೋಗ್ರಾಂ ಮತ್ತೊಮ್ಮೆ ಕೇಳಿದರೆ ‘ಎಲ್ಲ ಸರಿಯಾಗಿದೆ’! ದೊಡ್ಡ ದೊಡ್ಡ ಸಂಸ್ಥೆಗಳ ಲೆಕ್ಕ ಹೊರುವ ಪೋಸ್ಟ್‌ಗ್ರೆಸ್ ಎಂಬ ದತ್ತಾಂಶ ವ್ಯವಸ್ಥೆಯವರೇ ಇದರಿಂದ ಬೆಚ್ಚಿಬಿದ್ದರು. 2019ರ ಫೆಬ್ರವರಿಯಲ್ಲಿ ತಮ್ಮ ನಡವಳಿಕೆಯನ್ನೇ ಬದಲಿಸಿದರು. ಇಳಿಸುವುದರಲ್ಲಿ ತಪ್ಪಾಯಿತೆಂದರೆ ಮತ್ತೆ ಕೇಳಿ ನಂಬುವುದಿಲ್ಲ. ಕೆಲಸ ಅಲ್ಲಿಗೇ ನಿಲ್ಲಿಸಿ, ತಮ್ಮ ದಿನಚರಿ ಪುಸ್ತಕದಿಂದ ಲೆಕ್ಕವನ್ನು ಮೊದಲಿನಿಂದ ತಾಳೆ ಮಾಡುತ್ತಾರೆ. ಅಷ್ಟು ಓದಿದವರಿಗೇ ಮೋಸವಾಗಿದ್ದರೆ, ಹಂಡೆ ಒಲೆಯ ಮುಂದೆ ನಿಂತಿದ್ದ ನನ್ನನ್ನು ‘ನೀವು ಸೇವ್ ಒತ್ತಿಲ್ಲ’ ಅನ್ನುವುದು ಯಾವ ನ್ಯಾಯ?

ಅಕ್ಕನ ಮಗಳು ಯಂತ್ರದ ಪರವಾಗಿಯೂ ವಾದಿಸಿದಳು. “ಪ್ರತಿಯೊಂದನ್ನೂ ಆಗಿಂದಾಗಲೇ ಇಳಿಸಿದರೆ ಎಲ್ಲ ನಿಧಾನ ಆಗುತ್ತೆ ಚಿಕ್ಕಮ್ಮ. ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು ಸುತ್ತಿದರೂ ಒಂದು ಸುತ್ತಿಗೆ 8 ಮಿಲಿಸೆಕೆಂಡು ಬೇಕು. ಕಂಪ್ಯೂಟರಿಗೆ ಅದು ಯುಗ” ಅಂದಳು. ಒಪ್ಪಿದೆ. ಸಾಸಿವೆಗೊಂದು ಸಲ, ಜೀರಿಗೆಗೊಂದು ಸಲ ನಾವೂ ಅಂಗಡಿಗೆ ಓಡುವುದಿಲ್ಲ. ನಾಲ್ಕು ಸಾಮಾನು ಕೂಡಿಸಿಕೊಂಡೇ ಹೋಗುತ್ತೇವೆ. ಕೂಡಿಸಿಟ್ಟುಕೊಳ್ಳುವುದು ಜಾಣತನವೇ. ನನ್ನ ಜಗಳ ತಡದ ಮೇಲಲ್ಲ. ಹೋಗದೆಯೇ ‘ಹೋಗಿ ಬಂದೆ’ ಅನ್ನುವುದರ ಮೇಲೆ. ಪರದೆಯ ಮೇಲೆ ‘ತೆಗೆದುಕೊಂಡಿದ್ದೇನೆ’ ಎಂದು ಮೊದಲು, ‘ಇಳಿಸಿದ್ದೇನೆ’ ಎಂದು ಆಮೇಲೆ ತೋರಿಸಲು ಏನು ಕಷ್ಟ? ಚೀಟಿಯಲ್ಲಿ ಎರಡು ಬೇರೆ ಬೇರೆ ಅಂಕಿಗಳಿರುವಾಗ ನಮ್ಮ ಕಣ್ಣಿಗೆ ಮಾತ್ರ ಒಂದೇ ಮಾತು ಯಾಕೆ? ಅರ್ಧ ನಿಮಿಷ ಕಾಯಿರಿ ಎಂದಿದ್ದರೆ ನಾನು ಚೀಟಿಗಳನ್ನು ಒಲೆಗೆ ಹಾಕುತ್ತಿರಲಿಲ್ಲ.

ನಮ್ಮೂರಿನ ರೇಷ್ಮೆಗೂಡಿನ ಮಾರುಕಟ್ಟೆಗೆ ಬರುವ ರೈತನನ್ನು ಕೇಳಿ. ಹರಾಜಿನಲ್ಲಿ ಬೆಲೆ ನಿಂತದ್ದು ಬೇರೆ, ತೂಕವಾದದ್ದು ಬೇರೆ, ದುಡ್ಡು ಬಂದದ್ದು ಬೇರೆ. ಈ ಮೂರಕ್ಕೂ ‘ಆಯ್ತು’ ಎಂಬ ಒಂದೇ ಮಾತು ಹೇಳಿ ಅವನನ್ನು ಬಸ್ಸು ಹತ್ತಿಸಿ ನೋಡಿ, ಏನಾಗುತ್ತದೆಂದು!

ನನ್ನದು ಹದಿನೆಂಟು ಜನರ ಕಂತಿನ ಲೆಕ್ಕ, ಹೇಗೋ ಸರಿಮಾಡಿದೆ. ಆದರೆ ‘ಭೂಮಿ’ ಯೋಜನೆ ಬಂದು ಎರಡು ದಶಕ ದಾಟಿತು. ಮಾಗಡಿಯ ರಾಗಿ ಹೊಲದ ಪಹಣಿಯೂ ಕನಕಪುರದ ಹಿಪ್ಪುನೇರಳೆ ತೋಟದ ಪಹಣಿಯೂ ಇವತ್ತು ಕಂಪ್ಯೂಟರಿನಲ್ಲೇ ಇರುವುದು. ರೇಷನ್ನು, ಪಿಂಚಣಿ, ಗೃಹಲಕ್ಷ್ಮಿ ದುಡ್ಡು, ಎಲ್ಲವೂ ಹೀಗೇ. ದೊಡ್ಡ ಕಚೇರಿಗಳಲ್ಲಿ ಬ್ಯಾಟರಿ, ನಕಲು ಪ್ರತಿ ಎಲ್ಲ ಇಟ್ಟಿರುತ್ತಾರೆ, ನಮ್ಮಷ್ಟು ಬರಿಗೈಯಲ್ಲಿ ಇರುವುದಿಲ್ಲ. ಆದರೂ ಎಲ್ಲಾದರೂ ಏನಾದರೂ ತಪ್ಪಿದಾಗ ಕೌಂಟರಿನ ಈಚೆ ನಿಂತ ಹೆಂಗಸಿಗೆ ಮೊದಲು ಬರುವ ಉತ್ತರ, ‘ನೀವೇ ಸರಿಯಾಗಿ ಕೊಟ್ಟಿಲ್ಲ.’ ಆಗ ತಲೆ ತಗ್ಗಿಸಬೇಡಿ. “ತೆಗೆದುಕೊಂಡಿರಾ, ಇಳಿಸಿದಿರಾ? ರಸೀದಿ ಎಲ್ಲಿ?” ಎಂದು ಕೇಳಿ.

ಈಗ ನಮ್ಮ ಸಂಘದಲ್ಲಿ ಲೆಕ್ಕವನ್ನು ಮೊದಲು ಕೆಂಪು ರಟ್ಟಿನ ಪುಸ್ತಕಕ್ಕೆ ಬರೆಯುತ್ತೇನೆ. ಕೊಟ್ಟವರು ಅಲ್ಲೇ ಸಹಿಯೋ ಹೆಬ್ಬೆಟ್ಟೋ ಹಾಕುತ್ತಾರೆ. ಆಮೇಲೆ ಕಂಪ್ಯೂಟರು. ಅಕ್ಕನ ಮಗಳು ನಮ್ಮ ಪ್ರೋಗ್ರಾಮನ್ನು ತಿದ್ದಿ, ಪೂರ್ತಿ ಇಳಿದ ಮೇಲೆಯೇ ‘ಉಳಿಸಿದ್ದಾಗಿದೆ’ ಎಂದು ತೋರಿಸುವ ಹಾಗೆ ಮಾಡಿಕೊಟ್ಟಿದ್ದಾಳೆ. ಒಂದು ಕ್ಷಣ ತಡವಾಗುತ್ತದೆ, ಆಗಲಿ. ಅಂದು ಮುನ್ನೂರರ ಮಾತು ಕೇಳಿದಾಕೆ ಈಗ ಪ್ರತಿ ವಾರ ನನ್ನ ಪಕ್ಕದಲ್ಲೇ ಕೂತು ಪರದೆ ನೋಡುತ್ತಾಳೆ. ಅಕ್ಷರ ಬಂದ ಮೇಲೂ ಒಂದು ಗಳಿಗೆ ಬಿಟ್ಟು, “ಇಳೀತಾ ಅಕ್ಕಾ?” ಅನ್ನುತ್ತಾಳೆ. ಇಳಿಯಿತು ಕಣೇ ಎಂದು ನಾನು ಹೇಳಿದ ಮೇಲೆಯೇ ಏಳುವುದು.