ವಿಶ್ವಕೋಶದಲ್ಲಿ ವದಂತಿಗೆ ಪುಟ ಬೇಡ



ಇನ್ನೂ ಘೋಷಣೆಯಾಗದ ತಂತ್ರಜ್ಞಾನಕ್ಕೂ ಅಂತರ್ಜಾಲ ವಿಶ್ವಕೋಶಗಳು ಪುಟ ತೆರೆಯಬೇಕು, ತಪ್ಪಿದ್ದರೆ ಆಮೇಲೆ ತಿದ್ದಿಕೊಂಡರಾಯಿತು ಎಂಬ ವಾದ ಒಪ್ಪತಕ್ಕದ್ದಲ್ಲ. ಹೊಸ ಫೋನಿನ ಮಾತಾದರೆ ಹೆಚ್ಚಿನ ಹಾನಿ ಇಲ್ಲ. ಬಿತ್ತನೆ ಬೀಜದ ಮಾತಾದರೆ, ತಿದ್ದುಪಡಿ ಬರುವಷ್ಟರಲ್ಲಿ ಬೀಜ ಮಣ್ಣು ಸೇರಿರುತ್ತದೆ.

ಬೀಜದ ವದಂತಿ ಮಾಡುವ ಹಾನಿಯನ್ನು ಕರ್ನಾಟಕ ಒಮ್ಮೆ ಕಂಡಿದೆ. 1998ರ ಮಾರ್ಚ್ 3ರಂದು ಅಮೆರಿಕದ ಡೆಲ್ಟಾ ಅಂಡ್ ಪೈನ್ ಲ್ಯಾಂಡ್ ಕಂಪನಿಗೂ ಅಲ್ಲಿನ ಕೃಷಿ ಇಲಾಖೆಗೂ ಜಂಟಿಯಾಗಿ ಒಂದು ಪೇಟೆಂಟ್ ದೊರೆಯಿತು. ಬೆಳೆದ ಕಾಳು ಮತ್ತೆ ಮೊಳೆಯದಂತೆ ಮಾಡುವ ವಿಧಾನವದು. ವಿರೋಧಿಗಳು ಅದನ್ನು ಟರ್ಮಿನೇಟರ್ ಎಂದು ಕರೆದರು. ಅದೇ ವರ್ಷ ರಾಜ್ಯದಲ್ಲಿ ಬಿಟಿ ಹತ್ತಿಯ ಪ್ರಯೋಗ ನಡೆದಿತ್ತು. ಎರಡು ಸುದ್ದಿಗಳೂ ಬೆರೆತು, ಹೊಲದಲ್ಲಿರುವುದೇ ಟರ್ಮಿನೇಟರ್ ಎಂಬ ಮಾತು ಹಬ್ಬಿತು. ನವೆಂಬರ್ 28ರಂದು ರಾಯಚೂರು ಜಿಲ್ಲೆಯಲ್ಲಿ ರಾಜ್ಯ ರೈತ ಸಂಘದವರು ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟರು. ಪ್ರಯೋಗ ಎಲ್ಲಿ ನಡೆದಿದೆ ಎಂಬುದನ್ನು ಮುಚ್ಚಿಡಬಾರದೆಂಬ ಅವರ ಬೇಡಿಕೆ ನ್ಯಾಯವಾದದ್ದೇ. ಆದರೆ ಬಿಟಿ ಎಂದರೆ ಕಾಯಿಕೊರಕ ಹುಳುವನ್ನು ಕೊಲ್ಲುವ ಗುಣ, ಮೊಳಕೆ ತಡೆಯುವ ಗುಣವಲ್ಲ. ಬಿಟಿ ಹತ್ತಿಗೆ 2002ರಲ್ಲಿ ಕೇಂದ್ರದ ಅನುಮತಿ ಸಿಕ್ಕಿ, ಅದು ಹಾವೇರಿಯ ಎರೆಹೊಲಗಳಿಗೂ ಬಂತು. ಟರ್ಮಿನೇಟರ್ ಬೀಜ ಇಂದಿಗೂ ಎಲ್ಲಿಯೂ ಮಾರಾಟಕ್ಕೆ ಬಂದಿಲ್ಲ.

ಆಗ ವಿಕಿಪೀಡಿಯದಂಥ ಅಂತರ್ಜಾಲ ವಿಶ್ವಕೋಶ ಇದ್ದಿದ್ದರೆ ಅದರಲ್ಲಿ ಪೇಟೆಂಟಿಗೆ ಜಾಗವಿರಬೇಕಿತ್ತು, ಪ್ರಯೋಗಕ್ಕೂ ಇರಬೇಕಿತ್ತು. ಎರಡೂ ಒಂದೇ ಎಂಬ ಮಾತಿಗೆ ಇರಬಾರದಿತ್ತು. ಬೆಳೆ ಸುಟ್ಟ ಮೇಲೆ ಆ ವದಂತಿಯೇ ಚರಿತ್ರೆಯ ಭಾಗ. ಯಾರು ಹೇಳಿದರು, ಯಾರು ಅಲ್ಲಗಳೆದರು ಎಂಬುದನ್ನು ವದಂತಿಯೆಂದೇ ಹೆಸರಿಸಿ ದಾಖಲಿಸುವುದು ವಿಶ್ವಕೋಶದ ಕೆಲಸ.

ಇಂದಿಗೂ ಈ ಪ್ರಶ್ನೆ ತಣ್ಣಗಾಗಿಲ್ಲ. ಕಳೆನಾಶಕ ತಾಳಿಕೊಳ್ಳುವ ಕುಲಾಂತರಿ ಹತ್ತಿಗೆ ದೇಶದಲ್ಲಿ ಅನುಮತಿ ಇಲ್ಲ. ಮಾರಿದರೆ 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆ. ಹಾಗಿದ್ದೂ ಅದು ಕದ್ದುಮುಚ್ಚಿ ಮಾರಾಟವಾಗುತ್ತದೆ. ಅನುಮತಿ ಇನ್ನೇನು ಬರಲಿದೆ ಎಂಬ ಒಂದು ಸಾಲು ವಿಶ್ವಕೋಶದಲ್ಲಿ ಕಂಡರೆ ಅಂಥ ಬೀಜ ಮಾರುವವರಿಗೆ ಅದೇ ಪುರಾವೆ. ಬೀಜೋತ್ಪಾದನೆಗೆ ಹೆಸರಾದ ರಾಣೆಬೆನ್ನೂರಿನಲ್ಲಿ, ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿಯಲ್ಲಿ, ಮುಂದಿನ ಹಂಗಾಮಿಗೆ ಬರಲಿರುವ ತಳಿಯ ಸುದ್ದಿ ಸುಮ್ಮನೆ ಕೇಳಿ ಬಿಡುವ ಸುದ್ದಿಯಲ್ಲ. ಅದನ್ನು ನಂಬಿ ಸಾಲ ಎತ್ತುವವರಿದ್ದಾರೆ.

ಊಹೆ, ಗಾಳಿಸುದ್ದಿಗಳನ್ನು ಸೇರಿಸಬಾರದೆಂಬ ನಿಯಮ ಇಂಗ್ಲಿಷ್ ವಿಕಿಪೀಡಿಯದಲ್ಲಿ ಇದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಬರೆಯುವವರೂ ತಿದ್ದುವವರೂ ಕಡಿಮೆ, ತಪ್ಪು ಸಾಲು ಬಹುಕಾಲ ಉಳಿಯುತ್ತದೆ. ಆದ್ದರಿಂದ ಕನ್ನಡದಲ್ಲಿ ಈ ನಿಯಮ ಇನ್ನಷ್ಟು ಬಿಗಿಯಾಗಬೇಕು. ಪೇಟೆಂಟ್, ಪ್ರಯೋಗದ ಅನುಮತಿಪತ್ರ, ಸರ್ಕಾರಿ ಸಮಿತಿಯ ನಡಾವಳಿ ಇದ್ದರೆ ಈಗಿರುವ ಹತ್ತಿ ಅಥವಾ ಮೆಣಸಿನಕಾಯಿ ಪುಟದಲ್ಲೇ ದಿನಾಂಕ ಸಹಿತ ಒಂದು ಸಾಲು ಬರೆಯಲಿ. ಪ್ರತ್ಯೇಕ ಪುಟ ಅನುಮತಿಯ ಆದೇಶ ಹೊರಬಿದ್ದ ಮೇಲೆ.

– ಓದುಗರು, ಬ್ಯಾಡಗಿ