ಧ್ಯಾನಕೂಟದಿಂದ ಮರಳಿದವನು ತಂದ ಸಾಲ



ಕಳೆದ ಮಳೆಗಾಲದ ಒಂದು ಭಾನುವಾರ ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪತ್ನೀಸಮೇತನಾಗಿ ಮುರ್ಡೇಶ್ವರದ ನಮ್ಮ ಮನೆಗೆ ಬಂದ. ಕೊಂಕಣಿ ಮಾತಾಡುವ ಕ್ರೈಸ್ತ ಮನೆತನದವನು. ಮಸ್ಕತ್ತಿನಲ್ಲಿ ಹಲವು ವರ್ಷ ದುಡಿದು ಊರಿಗೆ ಮರಳಿದ ಮೇಲೆ ಕುಡಿತಕ್ಕೆ ಬಿದ್ದಿದ್ದನೆಂಬುದು ನನ್ನ ಕಿವಿಗೂ ಬಿದ್ದಿತ್ತು. ಆ ದಿನ ಮಾತ್ರ ಅವನ ಮುಖ ತಿಳಿಯಾಗಿತ್ತು. ಪತ್ನಿ ಅವನನ್ನು ಕೇರಳದ ಚಾಲಕುಡಿಯ ಬಳಿಯ ಮುರಿಂಗೂರಿನ ಡಿವೈನ್ ಧ್ಯಾನಕೇಂದ್ರಕ್ಕೆ ಕರೆದೊಯ್ದಿದ್ದರಂತೆ. ವಿನ್ಸೆನ್ಶಿಯನ್ ಗುರುಗಳು ನಡೆಸುವ ಆ ಕೇಂದ್ರದಲ್ಲಿ 1990ರಿಂದಲೂ ವಾರದ ಅವಧಿಯ ಧ್ಯಾನಕೂಟಗಳು ನಡೆಯುತ್ತಿವೆ. ಕನ್ನಡ, ಕೊಂಕಣಿಗಳಲ್ಲೂ ಉಂಟು.

ಚಹಾ ಕುಡಿದಾದ ಮೇಲೆ ಅವನು ಮೇಜಿನ ಮೇಲೆ ಒಂದು ಲಕೋಟೆಯಿಟ್ಟ. "ಮಾಸ್ತರ್ರೇ, ಏಳನೇ ಕ್ಲಾಸಿನಲ್ಲಿ ಜೋಗದ ಪ್ರವಾಸಕ್ಕೆ ಕೂಡಿಸಿಟ್ಟ ದುಡ್ಡು ಕಳೆದಿತ್ತಲ್ಲ, ಅದನ್ನು ತೆಗೆದದ್ದು ನಾನು" ಎಂದ.

ನನ್ನ ಕೈ ತಣ್ಣಗಾಯಿತು. 1983ರ ಮಾತು ಅದು. ಕಳೆದದ್ದು ನಲವತ್ತೈದು ರೂಪಾಯಿ. ಆ ದಿನ ನಾನು ಇನ್ನೊಬ್ಬ ಹುಡುಗನನ್ನು ತರಗತಿಯ ಎದುರು ನಿಲ್ಲಿಸಿ ಬೆತ್ತದಿಂದ ಹೊಡೆದಿದ್ದೆ. ಅವನು ಮೀನುಗಾರರ ಮಗ. ಅವನ ಕಿಸೆಯಲ್ಲಿ ಐದು ರೂಪಾಯಿಯ ನೋಟು ಸಿಕ್ಕಿತ್ತೆಂಬುದೇ ನನ್ನ ಸಾಕ್ಷ್ಯ. ಮರುವರ್ಷ ಅವನು ಶಾಲೆಗೆ ಬರಲಿಲ್ಲ.

ಧ್ಯಾನಕೂಟಗಳ ಬಗ್ಗೆ ನಮ್ಮವರಲ್ಲಿ ಎರಡು ಬಗೆಯ ಮಾತುಗಳಿವೆ. ಅದು ಹಾಡು, ಅಳು, ಚಪ್ಪಾಳೆಗಳ ಆವೇಶ, ಹತ್ತು ದಿನದಲ್ಲಿ ಇಳಿಯುತ್ತದೆ ಎನ್ನುವವರು ಕೆಲವರು. ಅಲ್ಲಿ ಹೋಗಿಬಂದರೆ ಸಕಲ ರೋಗವೂ ವಾಸಿ ಎನ್ನುವವರು ಮತ್ತೆ ಕೆಲವರು. ನಾನು ಈ ಎರಡನ್ನೂ ಒಪ್ಪಲಾರೆ.

ಈ ಪದ್ಧತಿಗೆ ದೀರ್ಘ ಇತಿಹಾಸವಿದೆ. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದುಕೊಂಡ ಸ್ಪೇನಿನ ಯೋಧ ಇಗ್ನೇಷಿಯಸ್ ಲೊಯೋಲಾ, ಮರುವರ್ಷ ಮನ್ರೇಸಾ ಎಂಬ ಊರಿನಲ್ಲಿ ತಿಂಗಳುಗಟ್ಟಲೆ ಏಕಾಂತದಲ್ಲಿದ್ದು ತನ್ನ ಮನಸ್ಸಿನ ಏರಿಳಿತಗಳನ್ನು ಗಮನಿಸಿ ಬರೆದಿಟ್ಟ. ಅದರಿಂದ ಬೆಳೆದ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಮೂವತ್ತು ದಿನಗಳ ಕ್ರಮಕ್ಕೆ 1548ರಲ್ಲಿ ಪೋಪರ ಮನ್ನಣೆ ದೊರೆಯಿತು. ಹೊನ್ನಾವರದಾಚೆಯ ಚಂದಾವರದ ಇಗರ್ಜಿ ಯಾರ ಹೆಸರಿನಲ್ಲಿದೆಯೋ ಆ ಫ್ರಾನ್ಸಿಸ್ ಕ್ಸೇವಿಯರ್ 1534ರಲ್ಲಿ ಪ್ಯಾರಿಸ್ಸಿನಲ್ಲಿ ಇಗ್ನೇಷಿಯಸನಿಂದಲೇ ಈ ಸಾಧನೆಯನ್ನು ಕಲಿತವರು. ನಮ್ಮ ಕಾಲದಲ್ಲಿ ಮುಂಬಯಿಯ ಜೆಸ್ಯುಯಿಟ್ ಗುರು ಆಂಥನಿ ಡಿ ಮೆಲ್ಲೊ (1931–1987) ಇದಕ್ಕೆ ಪೂರ್ವದೇಶಗಳ ಧ್ಯಾನಕ್ರಮವನ್ನೂ ಮನಶ್ಶಾಸ್ತ್ರವನ್ನೂ ಬೆಸೆದರು. ಅವರ 'ಸಾಧನಾ' ಪುಸ್ತಕ 1978ರಲ್ಲಿ ಬಂತು. 1998ರಲ್ಲಿ ವ್ಯಾಟಿಕನ್ ಅವರ ಕೆಲವು ಬರಹಗಳ ಕುರಿತು ಎಚ್ಚರಿಕೆ ನೀಡಿತಾದರೂ ಓದುಗರು ಅವರನ್ನು ಬಿಡಲಿಲ್ಲ.

ಇಲ್ಲಿ ಮನಸ್ಸಿಗೆ ಆಗುವುದೇನು? ಮನೆ, ಸಾಲ, ಗೆಳೆಯರ ಕೂಟ ಇವುಗಳಿಂದ ಕೆಲವು ದಿನ ದೂರ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ. ಕೂಡಿ ಮಾಡುವ ಪ್ರಾರ್ಥನೆ, ನಡುನಡುವೆ ಮೌನ. ಎಲ್ಲಕ್ಕಿಂತ ಮಿಗಿಲಾಗಿ, ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳುವ ಒಬ್ಬ ಮನುಷ್ಯ. ನುಂಗಿಟ್ಟ ನೋವನ್ನು ಹೊರಗಿಡುವುದರಿಂದ ದೇಹಕ್ಕೂ ಹಿತವೆಂಬುದಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಆಧಾರ ದೊರೆಯಿತು. ಬಾಳಿನ ಆಘಾತಗಳನ್ನು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ಬರೆದ ಕಾಲೇಜು ವಿದ್ಯಾರ್ಥಿಗಳಲ್ಲಿ, ಘಟನೆಯನ್ನೂ ಅದು ತಂದ ಭಾವನೆಯನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಚಿಕಿತ್ಸಾಲಯಕ್ಕೆ ಹೋದದ್ದು ಕಡಿಮೆ.

ಆದರೆ ಧ್ಯಾನಕೂಟವು ಔಷಧಕ್ಕೆ ಬದಲಿಯಲ್ಲ. ದೀರ್ಘಕಾಲದ ಕುಡಿತವನ್ನು ಒಮ್ಮೆಲೇ ಬಿಟ್ಟರೆ ಸೆಳವು ಬರಬಹುದು, ಪ್ರಾಣಾಪಾಯವೂ ಉಂಟು. ಖಿನ್ನತೆಯ ಗುಳಿಗೆಗಳನ್ನು "ದೇವರು ವಾಸಿಮಾಡಿದ" ಎಂದು ತಾವಾಗಿಯೇ ನಿಲ್ಲಿಸುವುದೂ ಅಪಾಯವೇ. ನನ್ನ ಈ ವಿದ್ಯಾರ್ಥಿ ಹೊರಡುವ ಮೊದಲು ವೈದ್ಯರನ್ನು ಕಂಡಿದ್ದ, ಈಗಲೂ ಕಾಣುತ್ತಿದ್ದಾನೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥ ಕಷ್ಟವಿದ್ದರೆ, 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಯ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಣವಿಲ್ಲ.

ಇನ್ನು ನನ್ನ ಅಭಿಪ್ರಾಯದ ಮುಖ್ಯ ಭಾಗ. ಮನಸ್ಸು ಹಗುರವಾಯಿತೆಂದ ಮಾತ್ರಕ್ಕೆ ಮನುಷ್ಯ ಹೊಸಬನಾಗುವುದಿಲ್ಲ. ಪಾಪನಿವೇದನೆಯ ಕುರಿತು ಕಥೋಲಿಕ ಧರ್ಮಸಭೆಯ ಬೋಧನೆಯೂ ಇದನ್ನೇ ಹೇಳುತ್ತದೆ: ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು. ನಮ್ಮ ಹಿರಿಯರು ಋಣ ತೀರಿಸುವುದೆಂದರೂ ಇದೇ. ದೇವರೆದುರು ಅತ್ತು ಬಂದವನು ತಾನು ನೋಯಿಸಿದವರ ಬಾಗಿಲಿಗೆ ಹೋಗದಿದ್ದರೆ ಆ ಅಳು ಅವನ ಸುಖಕ್ಕಷ್ಟೇ ಆಯಿತು. ಮುರಿಂಗೂರಿಗೆ ಹೋದವನು ನನ್ನ ಮೆಟ್ಟಿಲು ಹತ್ತಿದನಲ್ಲ, ಆಗಲೇ ಅವನ ಧ್ಯಾನಕೂಟ ಪೂರ್ತಿಯಾದದ್ದು ಎಂದು ನನ್ನ ನಂಬಿಕೆ.

ಲಕೋಟೆಯನ್ನು ನಾನು ತೆಗೆದುಕೊಳ್ಳಲಿಲ್ಲ. ಆ ಹಣವನ್ನು ಅಂದು ನಾನೇ ತುಂಬಿದ್ದೆ ನಿಜ. ಆದರೆ ಅವನ ಸಾಲ ನನಗಲ್ಲ, ಬೆತ್ತದ ಏಟು ತಿಂದವನಿಗೆ. ಅದರಲ್ಲಿ ಅವನಿಗಿಂತ ನನ್ನ ಪಾಲೇ ದೊಡ್ಡದು. ಹದಿಮೂರರ ಹುಡುಗ ಹೆದರಿ ಸುಮ್ಮನಿದ್ದ. ನಾನು ವಿಚಾರಿಸದೆ ತೀರ್ಪು ಕೊಟ್ಟೆ.

ವಾರದ ಮೇಲೆ ನಾವಿಬ್ಬರೂ ವಿಳಾಸ ಹುಡುಕಿಕೊಂಡು ಭಟ್ಕಳಕ್ಕೆ ಹೋದೆವು. ಅವನು ಬಂದರಿನ ಹತ್ತಿರ ಬಲೆ ದುರಸ್ತಿ ಮಾಡುತ್ತಿದ್ದ. ನನ್ನನ್ನು ಕಂಡೊಡನೆ ಎದ್ದು ನಿಂತ. ಗೆಳೆಯ ನಡೆದುದನ್ನು ಹೇಳಿದ. ನಾನು ಕೈಮುಗಿದು, "ತಪ್ಪಾಯಿತು ಮಾರಾಯ" ಎಂದೆ. ಅವನು ಗಡಿಬಿಡಿಯಿಂದ ನನ್ನ ಕೈ ಹಿಡಿದುಕೊಂಡ. ಸ್ವಲ್ಪ ಹೊತ್ತಿನ ಮೇಲೆ, "ಹೊಡೆದದ್ದು ಮರೆತೇಹೋಗಿದೆ, ಮಾಸ್ತರ್ರೇ. 'ನಾನಲ್ಲ' ಅಂತ ಮೂರು ಸಲ ಹೇಳಿದ್ದೆ, ನೀವು ಕೇಳಲಿಲ್ಲ. ಅದು ಮಾತ್ರ ನೆನಪುಂಟು" ಎಂದ.

ನನ್ನಲ್ಲಿ ಉತ್ತರವಿರಲಿಲ್ಲ. ಲಕೋಟೆಯ ಹಣವನ್ನೂ ಅವನು ಮುಟ್ಟಲಿಲ್ಲ. ಮೊಮ್ಮಗಳ ಶಾಲೆಯ ಪುಸ್ತಕಕ್ಕಾಗಲಿ ಎಂದು ಗೆಳೆಯ ಒತ್ತಾಯಿಸಿದ ಮೇಲೆ ಒಪ್ಪಿದ.

ಈ ಇಬ್ಬರೂ ಬರೆಯಲು ಅನುಮತಿ ಕೊಟ್ಟಿದ್ದಾರೆ. ಹೆಸರು ಬೇಡವೆಂದದ್ದು ನಾನು. ಇದನ್ನೋದುವ ನಿಮ್ಮಲ್ಲಿಯೂ, ಮಾಸ್ತರರು ನನ್ನ ಮಾತು ಕೇಳಲಿಲ್ಲವೆಂಬ ನೋವಿದ್ದವರು ಇರಬಹುದು. ನಾನು ಮನೆಯಲ್ಲೇ ಇರುತ್ತೇನೆ. ಬನ್ನಿ, ಇಲ್ಲವೇ ನಾಲ್ಕು ಸಾಲು ಬರೆಯಿರಿ. ಈ ಸಲ ಪೂರ್ತಿ ಕೇಳುತ್ತೇನೆ.

ನಿಮ್ಮ ಹಳೆಯ ಮಾಸ್ತರ