ಹುಡುಗರ ಮೈಯೇನು ಎರಡು ಬೆಳೆ ತೆಗೆಯೋ ಗದ್ದೆಯೇ?

ಅಮೆರಿಕಾದ ಫುಟ್‌ಬಾಲ್ ಅಂದ್ರೆ ನಮ್ಮ ಕಾಲ್ಚೆಂಡಾಟ ಅಲ್ಲ, ಗೊತ್ತಲ್ಲ? ನೂರು ಕೇಜಿ ದಾಟಿದ ಹುಡುಗರು ಓಡಿ ಬಂದು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯೋ ಆಟ. ಕಾಲೇಜು ತಂಡಗಳು ಆಡೋದು ಸೆಪ್ಟೆಂಬರಿನಿಂದ. 2020ರಲ್ಲಿ ಕೊರೋನಾ ಬಂದು ಎಲ್ಲ ಏರುಪೇರಾಯ್ತು. ಬಿಗ್ ಟೆನ್, ಪ್ಯಾಕ್-12 ಎಂಬ ದೊಡ್ಡ ಕೂಟಗಳು ಆಗಸ್ಟ್ 11ರಂದು ಆಟ ಮುಂದೂಡಿದವು, ಸೆಪ್ಟೆಂಬರಿನಲ್ಲೇ ಮಾತು ಬದಲಿಸಿ ಆ ವರ್ಷವೇ ಆಡಿದವು. 2021ರ ವಸಂತಕ್ಕೆ ಅಂತ ಕಾದು ಆಡಿದ್ದು ಎಫ್‌ಸಿಎಸ್ ಅನ್ನೋ ಎರಡನೇ ಹಂತದ ಬಹುಪಾಲು ತಂಡಗಳು.

ಮುಗಿದ ಕಥೆ ಈಗ್ಯಾಕೆ ಮಾರಾಯ ಅಂತೀರಾ? ನಾಳೆ ಇನ್ನೊಂದು ಪಿಡುಗು ಬಂದ್ರೆ ಇದನ್ನೇ ಮಾದರಿ ಅಂತ ತೋರಿಸ್ತಾರೆ, ಅದಕ್ಕೆ. ನನ್ನ ಪ್ರಕಾರ ಆ ವಸಂತದ ಸೀಸನ್ ಆಡಬಾರದಿತ್ತು.

ಲೆಕ್ಕ ನೋಡಿ. ಟೆಕ್ಸಾಸಿನ ಸ್ಯಾಮ್ ಹ್ಯೂಸ್ಟನ್ ಸ್ಟೇಟ್ ತಂಡ ಫೆಬ್ರವರಿಯಿಂದ 10 ಮ್ಯಾಚ್ ಆಡಿ, ಹತ್ತೂ ಗೆದ್ದು, ಮೇ 16ರಂದು ಸೌತ್ ಡಕೋಟಾ ಸ್ಟೇಟನ್ನು 23-21ರಲ್ಲಿ ಸೋಲಿಸಿ ಚಾಂಪಿಯನ್ ಆಯ್ತು. ಸಂತೋಷ. ಆದ್ರೆ ಸೆಪ್ಟೆಂಬರಿನಲ್ಲಿ ಮತ್ತೆ ಕಣಕ್ಕೆ! ಡಿಸೆಂಬರ್ ಹೊತ್ತಿಗೆ ಇನ್ನೂ 12 ಮ್ಯಾಚ್. ಒಂದೇ ಕ್ಯಾಲೆಂಡರಿನಲ್ಲಿ 22. ಕೊನೆಗೆ ಅವರನ್ನು 42-19ರಲ್ಲಿ ಮಣಿಸಿದ್ದು ಯಾರು? ವಸಂತದಲ್ಲಿ ಆಡಲ್ಲ ಅಂತ ಮನೇಲಿ ಕೂತ ಮೊಂಟಾನಾ ಸ್ಟೇಟ್! ಒಂದು ಮ್ಯಾಚಿನಿಂದ ಏನೂ ಸಾಬೀತಾಗಲ್ಲ, ಒಪ್ಪಿದೆ. ಆದ್ರೆ ಸುಸ್ತಾದ ಮೈಗೆ ವಿಶ್ರಾಂತಿ ಬೇಕು ಅನ್ನೋಕೆ ಸಂಶೋಧನೆ ಬೇಕೇ?

ಹುಡುಗರ ಒಂದು ವರ್ಷ ಹಾಳಾಗ್ತಿತ್ತಲ್ಲ ಅಂತಾರೆ. ಇಲ್ಲ ಸ್ವಾಮಿ! ಆಡಿದರೂ ಆಡದಿದ್ದರೂ ಒಂದು ವರ್ಷ ಹೆಚ್ಚಿಗೆ ಆಡೋ ಅರ್ಹತೆಯನ್ನು ಎನ್‌ಸಿಎಎ 2020ರ ಆಗಸ್ಟಿನಲ್ಲೇ ಕೊಟ್ಟಾಗಿತ್ತು. ಹಾರ್ವರ್ಡ್, ಯೇಲ್ ಇರೋ ಐವಿ ಲೀಗ್ ಆ ವರ್ಷ ಚೆಂಡೇ ಮುಟ್ಟಲಿಲ್ಲ, ಆಕಾಶವೇನೂ ಕಳಚಿ ಬೀಳಲಿಲ್ಲ. ಇಲಿನಾಯ್ ಸ್ಟೇಟ್ ಅಂತೂ ಸೀಸನ್ ನಡುವೆಯೇ ಸಾಕು ಅಂತ ಎದ್ದು ಹೋಯ್ತು.

ಸಣ್ಣ ಕಾಲೇಜುಗಳಿಗೂ ದುಡ್ಡಿನ ಕಷ್ಟ ಇತ್ತು, ನಿಜ. ಆದ್ರೆ ಆ ಕಷ್ಟ ಹೊತ್ತಿದ್ದು ಯಾರ ಬೆನ್ನು? ಕೋಚಿಗೆ ಸಂಬಳ ಇತ್ತು. ಆಟಗಾರರು ತಮ್ಮ ಹೆಸರಿನ ಮೇಲೆ ನಾಲ್ಕು ಕಾಸು ಸಂಪಾದಿಸಬಹುದು ಅಂತಾಗಿದ್ದು 2021ರ ಜುಲೈ 1ಕ್ಕೆ, ವಸಂತದ ಆಟವೆಲ್ಲ ಮುಗಿದ ಮೇಲೆ. ಸ್ಕಾಲರ್‌ಶಿಪ್ ಇತ್ತಲ್ಲ ಅಂದ್ರೆ, ಅದೇ ಸ್ಕಾಲರ್‌ಶಿಪ್ಪಿಗೆ ಒಂದು ವರ್ಷದಲ್ಲಿ ಎರಡು ಸೀಸನ್ ದುಡಿಸಿಕೊಳ್ಳೋದು ಯಾವ ನ್ಯಾಯ?

ಮುಂದಿನ ಸಲ ವಸಂತದಲ್ಲಿ ಆಡಿಸಲೇಬೇಕು ಅಂದ್ರೆ, ಆಮೇಲಿನ ಸೀಸನ್ನನ್ನು ಅರ್ಧಕ್ಕೆ ಇಳಿಸಿ. ಅದಾಗಲ್ಲ ಅಂದ್ರೆ ಸುಮ್ಮನೆ ಒಂದು ವರ್ಷ ಬಿಡಿ. ಆಟ ಎಲ್ಲೂ ಓಡಿ ಹೋಗಲ್ಲ, ಮುರಿದ ಮಂಡಿ ಮಾತ್ರ ಮೊದಲಿನ ಹಾಗೆ ಆಗಲ್ಲ.

ನೀವೇನಂತೀರಿ?